ಬೆದರುವ ಕುದುರೆಯನ್ನು ಒಲಿಸುವ ಬಗೆ

|| ಓಂ ಶ್ರೀ ಗುರುಬಸವಲಿಂಗಾಯ ನಮಃ ||



ಬಸವಣ್ಣನವರ ವಚನಗಳ ಪೈಕಿ ಎಳೆಯ ಮಕ್ಕಳ ನಾಲಗೆಯ ಮೇಲೂ ನಲಿಯುವುದು ಸಪ್ತಶೀಲದ ವಚನ. ಕಳವು, ಕೊಲೆ, ಹುಸಿ, ಮುನಿಸು, ಅನ್ಯರ ಬಗೆಗಿನ ಅಸಹ್ಯ, ಆತ್ಮಪ್ರಶಂಸೆ, ಪರನಿಂದೆ ಎಂಬ ಏಳನ್ನು ತೊರೆಯುವಂತೆ ಬೋಧಿಸುವ ಈ ವಚನವು ಆ ತೊರೆಯುವಿಕೆಯಲ್ಲಿಯೇ ಅಂತರಂಗದ ಶುದ್ಧಿಯನ್ನೂ ಬಹಿರಂಗದ ಶುದ್ಧಿಯನ್ನೂ ಕಾಣುತ್ತದೆ. ಪ್ರಾರ್ಥನೆಯ ವೇಳೆಯಲ್ಲಿ, ಶಾಲೆಯ ಗೋಡೆಯ ಮೇಲೆ, ಮದುವೆಯ ಕರೆಯೋಲೆಯಲ್ಲಿ ಮತ್ತೆ ಮತ್ತೆ ಎದುರಾಗುವ ಕಾರಣದಿಂದಲೇ ಅದರ ಕೊನೆಯಲ್ಲಿ ಬರುವ ಒಂದು ಕ್ರಿಯಾಪದವು ಅನೇಕರ ಗಮನಕ್ಕೆ ಬಾರದೆ ಉಳಿಯುತ್ತದೆ. ಅದು ‘ಒಲಿಸು’ ಎಂಬ ಪದ.

ದೇವರನ್ನು ಬೇಡುವುದುಂಟು, ಹಾಡಿ ಹೊಗಳುವುದುಂಟು, ಹರಕೆ ಹೊತ್ತು ಕಟ್ಟಿಹಾಕಲು ಎಳಸುವುದೂ ಉಂಟು. ಬಸವಣ್ಣನವರು ಆರಿಸಿಕೊಂಡುದು ಒಲಿಸುವ ಮಾತನ್ನು. ಮಣಿಸುವುದಕ್ಕೆ ಬಲ ಸಾಕು. ಒಲಿಸಬೇಕಾದರೆ ಎದುರಿನ ಜೀವವು ತಾನಾಗಿ ಬರಬೇಕು. ಬಾರದಿರುವ ಸ್ವಾತಂತ್ರ್ಯವೂ ಅದಕ್ಕಿರಬೇಕು. ಆ ಸ್ವಾತಂತ್ರ್ಯವನ್ನು ಕಸಿದುಕೊಂಡ ಮೇಲೆ ದೊರೆಯುವುದು ಏನೇ ಆಗಿರಲಿ, ಒಲವಂತೂ ಆಗದು. ದೇವ-ಭಕ್ತರ ಸಂಬಂಧದಲ್ಲಿ ಈ ಸೂಕ್ಷ್ಮವು ಕಣ್ಣಿಗೆ ಕಾಣದಂತೆ ಅಡಗಿರುತ್ತದೆ. ಬೆದರಿದ ಮೂಕಪ್ರಾಣಿಯೊಂದರ ಎದುರು ನಿಂತಾಗ ಹಗಲಿನಷ್ಟು ಸ್ಪಷ್ಟವಾಗುತ್ತದೆ.

ಬೆದರುವ ಕುದುರೆಯ ವಿಶ್ವಾಸವನ್ನು ಗಳಿಸುವ ವಿದ್ಯೆಯೊಂದು ಕಳೆದ ಶತಮಾನದಲ್ಲಿ ಅಮೆರಿಕದ ಪಶ್ಚಿಮ ಸೀಮೆಯಲ್ಲಿ ರೂಪುಗೊಂಡು, ‘ನ್ಯಾಚುರಲ್ ಹಾರ್ಸ್‌ಮನ್‌ಶಿಪ್’ ಅಂದರೆ ಸಹಜ ಅಶ್ವಶಿಕ್ಷಣವೆಂಬ ಹೆಸರಿನಿಂದ ಹಲವು ದೇಶಗಳಿಗೆ ಹಬ್ಬಿದೆ. ದನ-ಕುದುರೆಗಳ ನಡುವೆ ಬಾಳಿದ ಆ ಸೀಮೆಯ ಸವಾರರು ತಮ್ಮ ದುಡಿಮೆಯಲ್ಲಿ ಕಂಡುಕೊಂಡ ಸತ್ಯವು ಸಪ್ತಶೀಲಕ್ಕೆ ಬರೆದ ವ್ಯಾಖ್ಯಾನದಂತಿದೆ. ಅದನ್ನು ಅವಲೋಕಿಸುವುದು ಈ ಲೇಖನದ ಉದ್ದೇಶ.

ಶರಣರ ದಯೆಯ ಎಲ್ಲೆ

ಹನ್ನೆರಡನೆಯ ಶತಮಾನದ ಕಲ್ಯಾಣಕ್ಕೆ ಕುದುರೆ ಹೊಸತಾಗಿರಲಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1129ರ ಸುಮಾರಿನಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಕುದುರೆ ಸವಾರಿಯ ವಿನೋದಕ್ಕೆ ಪ್ರತ್ಯೇಕ ಭಾಗವೇ ಇದೆ. ರಾವುತ, ಸಾಹಣಿ ಎಂಬ ಪದಗಳು ಕನ್ನಡಿಗರಿಗೆ ಅಂದಿನಿಂದಲೂ ಪರಿಚಿತ. ಅರಮನೆಯ ಪಾಲಿಗೆ ಕುದುರೆಯು ಯುದ್ಧದ ಸಾಧನ, ಒಡೆತನದ ವೈಭವ. ಅದೇ ಕಲ್ಯಾಣದಲ್ಲಿ ಬಸವಣ್ಣನವರು ದಯೆಯನ್ನು ಧರ್ಮದ ಬೇರೆಂದು ಸಾರಿ, ಆ ದಯೆಯನ್ನು ಮನುಷ್ಯರಿಗಷ್ಟೇ ಸೀಮಿತಗೊಳಿಸದೆ ಸಕಲ ಪ್ರಾಣಿಗಳಿಗೂ ವಿಸ್ತರಿಸಿದರು. ದನ ಕಾಯುವ ಕಾಯಕದ ತುರುಗಾಹಿ ರಾಮಣ್ಣನವರು ಶರಣರ ಸಾಲಿನಲ್ಲಿ ನಿಂತು ವಚನಗಳನ್ನು ರಚಿಸಿದರು.

ಶರಣ ಪರಂಪರೆಯಲ್ಲಿ ಹೇಳುತ್ತ ಬಂದಿರುವ ಕಥೆಯೊಂದು ಎಲ್ಲರಿಗೂ ತಿಳಿದುದೇ. ಬಸವಣ್ಣನವರ ಮನೆಯ ಹಸುಗಳನ್ನು ಕಳ್ಳರು ಹೊಡೆದುಕೊಂಡು ಹೋದಾಗ, ತಾಯಿಯನ್ನಗಲಿದ ಕರುಗಳ ಸಂಕಟವನ್ನು ನೆನೆದು ಆ ಕರುಗಳನ್ನೂ ಕಳ್ಳರಲ್ಲಿಗೆ ಕಳುಹಿಸಿಕೊಟ್ಟರೆಂಬ ಕಥೆ ಅದು. ಇಲ್ಲಿ ಗಮನಿಸಬೇಕಾದ ಅಂಶವು ಬಸವಣ್ಣನವರ ಔದಾರ್ಯವೊಂದೇ ಅಲ್ಲ. ‘ನನ್ನ ಹಸು’ ಎಂಬ ಒಡೆಯನ ದೃಷ್ಟಿಯನ್ನು ಬಿಟ್ಟು ಕರುವಿನ ದೃಷ್ಟಿಯಿಂದ ನೋಡಿದುದು ಅಲ್ಲಿಯ ಹಿರಿಮೆ. ಪ್ರಾಣಿಯ ಕಣ್ಣಿನಿಂದ ಲೋಕವನ್ನು ನೋಡುವ ಈ ಬಗೆಯಿಂದಲೇ ಅಶ್ವಶಿಕ್ಷಣವೂ ಆರಂಭವಾಗುತ್ತದೆ.

ಭಯವೆಂಬ ಕವಚ

ಕುದುರೆಗೆ ಕೊಂಬಿಲ್ಲ, ಪಂಜವಿಲ್ಲ. ಬೇಟೆಮೃಗಗಳು ಹೊಂಚುಹಾಕುವ ಬಯಲು ಹುಲ್ಲುಗಾವಲುಗಳಲ್ಲಿ ಬದುಕಿ ಬಂದ ಜೀವ ಅದು. ಓಟವೇ ಅದರ ಆಯುಧ, ಶಂಕೆಯೇ ಅದರ ಕವಚ. ತಲೆಯ ಎರಡು ಪಕ್ಕಗಳಲ್ಲಿರುವ ಕಣ್ಣುಗಳಿಂದ ಅದು ತನ್ನ ಸುತ್ತ ಸುಮಾರು 350 ಡಿಗ್ರಿಯಷ್ಟು ವಿಸ್ತಾರವನ್ನು ಕಾಣಬಲ್ಲದು. ಹಣೆಯ ಎದುರಿಗೆ ತೀರ ಸಮೀಪದಲ್ಲಿ ಮತ್ತು ಬಾಲದ ನೇರ ಹಿಂದೆ ಮಾತ್ರ ಅದಕ್ಕೆ ಕಾಣದ ಜಾಗಗಳಿವೆ. ಎರಡು ಕಿವಿಗಳು ಎರಡು ದಿಕ್ಕಿಗೆ ತಿರುಗಬಲ್ಲವು. ಮೈಮೇಲೆ ಕೂತ ನೊಣವೊಂದರ ಸ್ಪರ್ಶಕ್ಕೂ ಅದರ ಚರ್ಮ ಅದುರುತ್ತದೆ. ಅಪಾಯವಿದೆಯೇ ಎಂದು ವಿಚಾರಿಸಿ ನೋಡಿ ಓಡಿದ ಕುದುರೆಗಿಂತ ಮೊದಲು ಓಡಿ ಆಮೇಲೆ ತಿರುಗಿ ನೋಡಿದ ಕುದುರೆಯೇ ಬದುಕಿ ಉಳಿಯಿತು. ಅದರ ಸಂತತಿಯೇ ಇಂದು ಲಾಯದಲ್ಲಿ ನಿಂತಿರುವುದು.

ಆದುದರಿಂದ ಗಾಳಿಗೆ ಹಾರಿದ ಪ್ಲಾಸ್ಟಿಕ್ ಚೀಲಕ್ಕೆ, ಹೊಂಡದ ನೀರಿನ ಹೊಳಪಿಗೆ, ತೆರೆದ ಕೊಡೆಗೆ ಕುದುರೆ ಬೆಚ್ಚಿ ಹಾರಿದರೆ ಅದು ಮೊಂಡುತನವಲ್ಲ. ಅದರ ಪೂರ್ವಜರನ್ನು ಕಾಪಾಡಿದ ಜಾಣತನವೇ ಅದು. ಇಂತಹ ಜೀವದ ಕಣ್ಣಿಗೆ ಮನುಷ್ಯ ಹೇಗೆ ಕಾಣಬಹುದು? ಅವನ ಕಣ್ಣುಗಳು ಬೇಟೆಮೃಗದ ಕಣ್ಣುಗಳಂತೆ ಮುಂದಕ್ಕಿವೆ. ತನಗೆ ಬೇಕಾದುದನ್ನು ದಿಟ್ಟಿಸಿ ನೋಡುತ್ತ ಅವನು ನೇರವಾಗಿ ನಡೆದು ಬರುತ್ತಾನೆ, ಬಂದವನೇ ಕೈಚಾಚಿ ಹಿಡಿಯುತ್ತಾನೆ. ಅವನ ಉದ್ದೇಶ ಎಷ್ಟೇ ಒಳ್ಳೆಯದಿರಲಿ, ಕುದುರೆಗೆ ಕಾಣುವುದು ಅವನ ನಡೆ ಮಾತ್ರ. ನುಡಿಯಲ್ಲಿ ಪ್ರೀತಿಯಿದ್ದು ನಡೆಯಲ್ಲಿ ಬೇಟೆಯಿದ್ದರೆ ಆ ಜೀವವು ನಡೆಯನ್ನೇ ನಂಬುತ್ತದೆ. ನಡೆ-ನುಡಿಗಳು ಒಂದಾಗಿರಬೇಕೆಂದು ಶರಣರು ಏಕೆ ಅಷ್ಟೊಂದು ಒತ್ತಿ ಹೇಳಿದರೆಂಬುದಕ್ಕೆ ಇದಕ್ಕಿಂತ ನೇರವಾದ ದೃಷ್ಟಾಂತ ಬೇಕಿಲ್ಲ.

ಮುರಿಯುವುದು ಮತ್ತು ಪಳಗಿಸುವುದು

ಕುದುರೆಯನ್ನು ಸವಾರಿಗೆ ಒಗ್ಗಿಸುವುದನ್ನು ಇಂಗ್ಲಿಷಿನಲ್ಲಿ ಕುದುರೆಯನ್ನು ‘ಮುರಿಯುವುದು’ ಎನ್ನುತ್ತಾರೆ. ಅಮೆರಿಕದ ಪಶ್ಚಿಮ ಸೀಮೆಯ ಹಳೆಯ ಪದ್ಧತಿಗೆ ಆ ಮಾತು ಅಕ್ಷರಶಃ ಒಪ್ಪುತ್ತಿತ್ತು. ಬಯಲಿನಿಂದ ಹಿಡಿದು ತಂದ ಕುದುರೆಯನ್ನು ಕಂಬಕ್ಕೆ ಬಿಗಿದು, ಕಣ್ಣಿಗೆ ಬಟ್ಟೆ ಕಟ್ಟಿ, ಜೀನು ಹಾಕಿ, ಅದು ಕುಪ್ಪಳಿಸಿ ಸೋತು ನಿಲ್ಲುವವರೆಗೆ ಮೇಲೆ ಕುಳಿತಿರುವುದು ಸಾಮಾನ್ಯವಾಗಿತ್ತು. ಕೆಲಸ ಬೇಗ ಮುಗಿಯುತ್ತಿತ್ತು; ಮುಗಿಯುವಷ್ಟರಲ್ಲಿ ಕುದುರೆಯೊಳಗಿನ ಏನೋ ಒಂದು ಮುರಿದಿರುತ್ತಿತ್ತು.

ಕನ್ನಡದಲ್ಲಿ ಇದಕ್ಕಿರುವ ಮಾತು ‘ಪಳಗಿಸುವುದು’. ಪಳಗುವುದೆಂದರೆ ಒಡನಾಟದಿಂದ ರೂಢಿಗೊಳ್ಳುವುದು. ಪಳಗಿದ ಎತ್ತು, ಪಳಗಿದ ಆನೆ ಎನ್ನುವಂತೆಯೇ ‘ಪಳಗಿದ ಕೈ’ ಎಂದೂ ಕನ್ನಡಿಗರು ಹೇಳುತ್ತಾರೆ. ಪ್ರಾಣಿಯೂ ಪಳಗಬೇಕು, ಅದನ್ನು ಹಿಡಿಯುವ ಕೈಯೂ ಪಳಗಬೇಕು ಎಂಬ ವಿವೇಕವನ್ನು ಈ ಒಂದೇ ಧಾತು ಹೊತ್ತುಕೊಂಡಿದೆ. ಮುರಿಯುವಲ್ಲಿ ಬದಲಾಗುವುದು ಕುದುರೆಯೊಂದೇ. ಪಳಗುವಲ್ಲಿ ಇಬ್ಬರೂ ಬದಲಾಗುತ್ತಾರೆ.

ಈ ವಿವೇಕವು ಪುರಾತನವಾದುದು. ಕ್ರಿ.ಪೂ. ನಾಲ್ಕನೆಯ ಶತಮಾನದ ಗ್ರೀಕ್ ಲೇಖಕ ಕ್ಸೆನೊಫನ್ ಅಶ್ವವಿದ್ಯೆಯನ್ನು ಕುರಿತು ಬರೆದ ಗ್ರಂಥದಲ್ಲಿ, ಕೋಪಗೊಂಡಿರುವಾಗ ಕುದುರೆಯ ಬಳಿಗೆ ಹೋಗಬಾರದೆಂದು ವಿಧಿಸಿದ್ದಾನೆ. ಕುದುರೆಯು ಯಾವುದಾದರೂ ವಸ್ತುವಿಗೆ ಬೆದರಿದರೆ ಸವಾರನು ತಾನೇ ಅದನ್ನು ಮುಟ್ಟಿ ತೋರಿಸಿ, ಕುದುರೆಯನ್ನು ಮೆಲ್ಲನೆ ಅದರ ಸಮೀಪಕ್ಕೆ ಕರೆದೊಯ್ಯಬೇಕು ಎಂಬುದು ಅವನ ಉಪದೇಶ. ಹೊಡೆದು ಓಡಿಸಿದರೆ ಭಯ ಇಮ್ಮಡಿಯಾಗುತ್ತದೆ. ಏಕೆಂದರೆ ಬಿದ್ದ ಪೆಟ್ಟಿನ ನೋವಿಗೆ ಎದುರಿನ ಆ ವಸ್ತುವೇ ಕಾರಣವೆಂದು ಕುದುರೆ ಭಾವಿಸುತ್ತದೆ. ಅಲೆಗ್ಸಾಂಡರನ ಬಾಲ್ಯದ ಪ್ರಸಂಗವೊಂದನ್ನು ಪ್ಲುಟಾರ್ಕ್ ಹೇಳಿದ್ದಾನೆ. ಬ್ಯುಸೆಫಲಸ್ ಎಂಬ ಕುದುರೆಯನ್ನು ಯಾರೂ ಹತ್ತಲಾರದೆ ಹೋದಾಗ, ಅದು ಬೆದರುತ್ತಿರುವುದು ತನ್ನ ನೆರಳಿಗೇ ಎಂಬುದನ್ನು ಆ ಬಾಲಕನು ಗುರುತಿಸಿ, ಅದರ ಮುಖವನ್ನು ಸೂರ್ಯನ ಕಡೆಗೆ ತಿರುಗಿಸಿದನಂತೆ. ನೆರಳು ಹಿಂದಾಯಿತು, ಕುದುರೆ ಶಾಂತವಾಯಿತು. ಉಳಿದವರೆಲ್ಲರೂ ಕುದುರೆಯನ್ನು ನೋಡುತ್ತಿದ್ದರು. ಅವನೊಬ್ಬನು ಕುದುರೆ ಏನನ್ನು ನೋಡುತ್ತಿದೆ ಎಂಬುದನ್ನು ನೋಡಿದನು.

ಇಪ್ಪತ್ತನೆಯ ಶತಮಾನದ ಅಮೆರಿಕದಲ್ಲಿ ಈ ದೃಷ್ಟಿಗೆ ಮರುಹುಟ್ಟು ನೀಡಿದವರು ಟಾಮ್ ಡೋರನ್ಸ್ ಮತ್ತು ಅವರ ಅಣ್ಣ ಬಿಲ್ ಡೋರನ್ಸ್. 1910ರಲ್ಲಿ ಜನಿಸಿ 2003ರಲ್ಲಿ ತೀರಿಕೊಂಡ ಟಾಮ್ ಡೋರನ್ಸ್ ಮಿತಭಾಷಿ. ಯಾರಾದರೂ ತಮ್ಮ ಕುದುರೆಯ ದೋಷವನ್ನು ಹೇಳಿಕೊಂಡು ಬಂದರೆ, ಕುದುರೆಗೆ ಆ ಸನ್ನಿವೇಶ ಹೇಗೆ ಕಾಣುತ್ತಿದೆ ಎಂಬ ಕಡೆಗೆ ಅವರ ಗಮನವನ್ನು ತಿರುಗಿಸುವುದು ಅವರ ಬೋಧನೆಯ ರೀತಿ. ಅವರ ಶಿಷ್ಯ ರೇ ಹಂಟ್ (1929-2009) ಊರೂರು ತಿರುಗಿ ಶಿಬಿರಗಳನ್ನು ನಡೆಸಿ ಈ ವಿದ್ಯೆಯನ್ನು ಜನಸಾಮಾನ್ಯರಿಗೆ ಮುಟ್ಟಿಸಿದರು. ತಪ್ಪಾದ ದಾರಿ ಕಷ್ಟವಾಗುವಂತೆಯೂ ಸರಿಯಾದ ದಾರಿ ಸುಲಭವಾಗುವಂತೆಯೂ ಸನ್ನಿವೇಶವನ್ನು ಅಣಿಗೊಳಿಸಿ, ಆರಿಸಿಕೊಳ್ಳುವುದನ್ನು ಕುದುರೆಗೇ ಬಿಡಬೇಕೆಂಬುದು ಅವರ ಬೋಧನೆಯ ತಿರುಳು.

ಒಂದು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ

ಈ ವಿದ್ಯೆಯ ಕ್ರಮವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಮನುಷ್ಯರ ಕೈಯಲ್ಲಿ ಏಟು ತಿಂದ ಕುದುರೆಯೊಂದು ಬೇಲಿಯ ಆವರಣದಲ್ಲಿ ನಿಂತಿದೆ ಎಂದಿಟ್ಟುಕೊಳ್ಳೋಣ. ಬಾಗಿಲ ಸದ್ದಾದೊಡನೆ ಅದು ತಲೆಯೆತ್ತುತ್ತದೆ, ಕಣ್ಣರಳಿಸುತ್ತದೆ, ಮೂಗಿನ ಹೊಳ್ಳೆಗಳು ಹಿಗ್ಗುತ್ತವೆ. ಶಿಕ್ಷಕನು ಒಳಗೆ ಬಂದು ನೇರವಾಗಿ ಅದರ ಕಡೆಗೆ ನಡೆಯುವುದಿಲ್ಲ. ಅದಕ್ಕೆ ಕಾಣದ ಹಿಂಬದಿಯನ್ನು ತಪ್ಪಿಸಿ, ಹೆಗಲಿನ ದಿಕ್ಕಿಗೆ ಬಳಸುದಾರಿಯಲ್ಲಿ ನಿಧಾನವಾಗಿ ಸಾಗುತ್ತಾನೆ. ಅವನ ದೃಷ್ಟಿಯೆಲ್ಲ ಕುದುರೆಯ ಕಿವಿ, ಕತ್ತು, ಉಸಿರುಗಳ ಮೇಲೆ. ಅದರ ಮೈ ಬಿಗಿಯುವ ಮೊದಲ ಸೂಚನೆ ಕಂಡ ಕ್ಷಣವೇ ಅವನು ನಿಲ್ಲುತ್ತಾನೆ. ಕುದುರೆ ಓಡುವ ಮುನ್ನ, ಓಡಬೇಕೆಂದುಕೊಳ್ಳುವ ಹಂತದಲ್ಲಿಯೇ ನಿಲ್ಲುವುದು ಇಲ್ಲಿಯ ರಹಸ್ಯ. ಬಿಗಿದ ಮೈ ಸಡಿಲಾಗುವವರೆಗೆ ಕಾಯುತ್ತಾನೆ. ಸಡಿಲಾದೊಡನೆ ಮುಂದುವರಿಯುವ ಬದಲು ಒಂದು ಹೆಜ್ಜೆ ಹಿಂದೆ ಸರಿಯುತ್ತಾನೆ.

ಹಿಂದೆ ಸರಿಯುವ ಈ ಹೆಜ್ಜೆಯೇ ಕುದುರೆಗೆ ಅಚ್ಚರಿ. ಬೇಟೆಮೃಗ ಹಿಂದೆ ಸರಿಯುವುದಿಲ್ಲ. ತನ್ನ ಭಯವನ್ನು ಗಮನಿಸಿ ಗೌರವಿಸಿದ ಮೊದಲ ಮನುಷ್ಯನನ್ನು ಅದು ಕುತೂಹಲದಿಂದ ನೋಡುತ್ತದೆ. ಹತ್ತಾರು ಬಾರಿ ಮುಂದೆ ಬಂದು ಹಿಂದೆ ಸರಿದ ಮೇಲೆ, ಒಮ್ಮೆ ಕುದುರೆಯೇ ಒಂದು ಹೆಜ್ಜೆ ಮುಂದಿಟ್ಟು ಅವನ ಕೈಯನ್ನು ಮೂಸುತ್ತದೆ. ಆಗಲೂ ಅವನು ಹಿಡಿಯುವುದಿಲ್ಲ. ಕೈಯ ಹಿಂಬದಿಯಿಂದ ಕತ್ತನ್ನು ಸವರಿ, ಸಾಕೆನ್ನುವ ಮೊದಲೇ ಕೈಯನ್ನು ಹಿಂದೆಗೆದುಕೊಳ್ಳುತ್ತಾನೆ. ಕುತ್ತಿಗೆಯೂ ಬೆನ್ನೂ ಸೇರುವ ದಿಬ್ಬದ ಬಳಿ ಕುದುರೆಗಳು ಪರಸ್ಪರ ಹಲ್ಲಿನಿಂದ ಕೆರೆದುಕೊಳ್ಳುವುದುಂಟು. ಆ ಜಾಗವನ್ನು ಕೆರೆದಾಗ ಕುದುರೆಯ ಹೃದಯಬಡಿತದ ವೇಗ ತಗ್ಗುತ್ತದೆಂದು 1993ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಅನುಭವಿಯ ಕೈ ಮೊದಲು ಹೋಗಿ ನಿಲ್ಲುವುದೂ ಅಲ್ಲಿಯೇ.

ಅನಂತರ ಹಗ್ಗದ ಪಾಠ. ಮುಖಕ್ಕೆ ತೊಡಿಸಿದ ಹಗ್ಗವನ್ನು ಶಿಕ್ಷಕನು ಎಳೆಯುವುದಿಲ್ಲ. ಕೇವಲ ಅದರ ಸಡಿಲವನ್ನು ತೆಗೆದು ಹಿಡಿದು ನಿಲ್ಲುತ್ತಾನೆ. ಕುದುರೆಯು ಆ ಕಡೆಗೆ ಕೂದಲೆಳೆಯಷ್ಟು ವಾಲಿದರೂ ಸಾಕು, ತತ್‌ಕ್ಷಣ ಹಗ್ಗವನ್ನು ಸಡಿಲಬಿಡುತ್ತಾನೆ. ಕುದುರೆಗೆ ಕಲಿಸುವುದು ಹಿಡಿತವಲ್ಲ, ಬಿಡುವಿಕೆ ಎಂದು ಈ ವಿದ್ಯೆಯನ್ನು ಬಲ್ಲವರೆಲ್ಲರ ಒಮ್ಮತ. ಬಿಡುವುದರಲ್ಲಿ ಕ್ಷಣ ತಡವಾದರೂ ಪಾಠ ತಪ್ಪಿಹೋಗುತ್ತದೆ. ಎಡಗಡೆಯಿಂದ ಕಲಿತುದನ್ನು ಬಲಗಡೆಯಿಂದಲೂ ಮತ್ತೆ ಮೊದಲಿನಿಂದ ಕಲಿಸಬೇಕಾಗುತ್ತದೆ. ಜೀನಿನ ಕೆಳಗೆ ಹಾಸುವ ಕಂಬಳಿಯನ್ನು ಮೊದಲು ಮೂಸಲು ಬಿಟ್ಟು, ಹೆಗಲಿಗೆ ತಾಗಿಸಿ ತೆಗೆದು, ಮತ್ತೆ ತಾಗಿಸಿ, ಕಡೆಗೆ ಬೆನ್ನ ಮೇಲಿರಿಸುವ ಹೊತ್ತಿಗೆ ದಿನಗಳೇ ಉರುಳಬಹುದು. ಕಾಯಿಯನ್ನು ಹಿಸುಕಿ ಹಣ್ಣು ಮಾಡಲಾಗದೆಂಬುದು ಇಲ್ಲಿ ಬರಿಯ ಗಾದೆಯಲ್ಲ, ನಿತ್ಯದ ನಿಯಮ.

ಈಗ ಸಪ್ತಶೀಲವನ್ನು ಈ ಆವರಣದೊಳಗೆ ತಂದು ನೋಡಬಹುದು. ಕುದುರೆ ಇನ್ನೂ ಕೊಡದ ಸಲುಗೆಯನ್ನು ಹಠಾತ್ತನೆ ಕೈಚಾಚಿ ಕಸಿದರೆ ಅದು ಕಳವು. ಕಾಳಿನ ಆಸೆ ತೋರಿ ಹತ್ತಿರ ಕರೆದು ಕುಣಿಕೆ ಹಾಕಿದರೆ ಅದು ಹುಸಿ. ಕೇಳಿದುದನ್ನು ಅದು ಕೊಟ್ಟ ಮೇಲೂ ಹಗ್ಗವನ್ನು ಸಡಿಲಿಸದಿದ್ದರೆ ಅದು ಇನ್ನೂ ದೊಡ್ಡ ಹುಸಿ. ಮುನಿಸಿನ ವಿಷಯವನ್ನು ಕ್ಸೆನೊಫನ್ ಆಗಲೇ ಹೇಳಿದ್ದಾನೆ. ‘ಇಷ್ಟಕ್ಕೆಲ್ಲ ಹೆದರುವುದೇ’ ಎಂಬ ತಾತ್ಸಾರವೇ ಅಸಹ್ಯ. ನೆರೆದವರ ಮುಂದೆ ಒಂದೇ ಗಳಿಗೆಯಲ್ಲಿ ಪಳಗಿಸಿ ತೋರಿಸುತ್ತೇನೆಂಬ ಹಮ್ಮು ತನ್ನ ಬಣ್ಣನೆ. ಕುದುರೆ ಮೊಂಡು, ಕುದುರೆ ಕೆಟ್ಟದ್ದು ಎನ್ನುವುದು ಎದುರಿನವರ ನಿಂದೆ. ಇನ್ನುಳಿದುದು ಕೊಲೆ. ಮೈಗೆ ಗಾಯವಿಲ್ಲದೆಯೂ ಕೊಲೆ ನಡೆಯಬಹುದು ಎಂಬುದನ್ನು ಮುಂದೆ ನೋಡೋಣ. ಏಳೂ ಶೀಲಗಳಲ್ಲಿ ಒಂದಾದರೂ ಕುದುರೆಗೆ ವಿಧಿಸಿದುದಲ್ಲ. ಎಲ್ಲವೂ ಹಗ್ಗ ಹಿಡಿದವನಿಗೆ ವಿಧಿಸಿದವು.

ಹಗ್ಗದ ಎರಡು ತುದಿಗಳು

ಒಳಗಿನ ಶುದ್ಧಿಗೂ ಕುದುರೆಗೂ ಏನು ಸಂಬಂಧ, ಹೊರಗಿನ ನಡೆ ಸರಿಯಾಗಿದ್ದರೆ ಸಾಲದೇ ಎಂದು ಯಾರಾದರೂ ಕೇಳಬಹುದು. ಇದಕ್ಕೆ ಉತ್ತರವಾಗಿ ಸ್ವೀಡನ್ನಿನ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಪ್ರಯೋಗವೊಂದನ್ನು ನೋಡಬಹುದು. ಕುದುರೆಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ನಡೆಸಿಕೊಂಡು ಅಥವಾ ಸವಾರಿ ಮಾಡಿಕೊಂಡು ಹೋಗುವಂತೆ ಜನರಿಗೆ ಹೇಳಲಾಯಿತು. ಮೊದಲ ಮೂರು ಸಲ ಏನೂ ವಿಶೇಷವಿರಲಿಲ್ಲ. ನಾಲ್ಕನೆಯ ಸಲ ಹೋಗುವಾಗ ಕೊಡೆಯೊಂದನ್ನು ಥಟ್ಟನೆ ಬಿಚ್ಚಲಾಗುವುದು ಎಂದು ಅವರಿಗೆ ಮೊದಲೇ ತಿಳಿಸಲಾಗಿತ್ತು. ವಾಸ್ತವದಲ್ಲಿ ಕೊಡೆಯನ್ನು ಬಿಚ್ಚಲೇ ಇಲ್ಲ. ಆದರೆ ಕುದುರೆ ಬೆದರೀತೆಂಬ ನಿರೀಕ್ಷೆಯಿಂದ ಮನುಷ್ಯರ ಹೃದಯಬಡಿತ ಏರಿತು. ಅವರೊಡನಿದ್ದ ಕುದುರೆಗಳ ಹೃದಯಬಡಿತವೂ ಏರಿತು. ಕೊಡೆಯ ಸುದ್ದಿ ಕುದುರೆಗೆ ತಿಳಿದಿರಲಿಲ್ಲ. ಅದಕ್ಕೆ ತಿಳಿದುದು ಜೊತೆಯಲ್ಲಿದ್ದವನ ಅಂಜಿಕೆ.

ಇನ್ನೊಂದು ಹಳೆಯ ನಿದರ್ಶನವಿದೆ. ಬರ್ಲಿನ್ನಿನಲ್ಲಿ ವಿಲ್ಹೆಲ್ಮ್ ಫಾನ್ ಓಸ್ಟೆನ್ ಎಂಬವರ ಬಳಿ ಇದ್ದ ಹಾನ್ಸ್ ಎಂಬ ಕುದುರೆ ಲೆಕ್ಕ ಬಿಡಿಸುತ್ತದೆಂದು 1904ರ ವೇಳೆಗೆ ಪ್ರಖ್ಯಾತವಾಗಿತ್ತು. ಕೇಳಿದ ಲೆಕ್ಕದ ಉತ್ತರವನ್ನು ಅದು ಗೊರಸಿನಿಂದ ತಟ್ಟಿ ತೋರಿಸುತ್ತಿತ್ತು. ಆಸ್ಕರ್ ಫಂಗ್ಸ್ಟ್ ಎಂಬ ಮನಶ್ಶಾಸ್ತ್ರಜ್ಞ 1907ರಲ್ಲಿ ಪರೀಕ್ಷಿಸಿ ನೋಡಿದಾಗ ನಿಜ ಹೊರಬಿತ್ತು. ಉತ್ತರದ ಸಂಖ್ಯೆ ಬಂದೊಡನೆ ಪ್ರಶ್ನೆ ಕೇಳಿದವರ ತಲೆಯಲ್ಲಿ, ಮೈಯಲ್ಲಿ ಅವರಿಗೇ ಅರಿವಿಲ್ಲದೆ ಆಗುತ್ತಿದ್ದ ಅತಿಸೂಕ್ಷ್ಮ ಚಲನೆಯನ್ನು ಗುರುತಿಸಿ ಹಾನ್ಸ್ ತಟ್ಟುವುದನ್ನು ನಿಲ್ಲಿಸುತ್ತಿತ್ತು. ಲೆಕ್ಕ ಬಾರದ ಆ ಕುದುರೆಗೆ ಮನುಷ್ಯನ ಮೈಯನ್ನು ಓದುವ ವಿದ್ಯೆ ಮನುಷ್ಯನಿಗಿಂತ ಚೆನ್ನಾಗಿ ತಿಳಿದಿತ್ತು.

ಅಂತರಂಗದ ಶುದ್ಧಿಯೂ ಬಹಿರಂಗದ ಶುದ್ಧಿಯೂ ಎರಡಲ್ಲವೆಂದು ಬಸವಣ್ಣನವರು ಕಂಡುದು ಈ ಬಗೆಯ ಸತ್ಯವನ್ನೇ. ಒಳಗೆ ಕುದಿಯುತ್ತಿದ್ದು ಹೊರಗೆ ಮುಗುಳ್ನಗೆ ಧರಿಸಿದವನು ಮನುಷ್ಯರನ್ನು ನಂಬಿಸಬಲ್ಲ. ಹಗ್ಗದ ಆ ತುದಿಯಲ್ಲಿರುವ ಜೀವವನ್ನು ನಂಬಿಸಲಾರ. ಆದುದರಿಂದ ಬೆದರುವ ಕುದುರೆಯ ಮುಂದೆ ನಿಂತವನಿಗೆ ಮೊದಲ ಸಾಧನೆ ತನ್ನ ಉಸಿರನ್ನು ಹದಕ್ಕೆ ತಂದುಕೊಳ್ಳುವುದು. ಇಂದ್ರಿಯಗಳನ್ನು ಕುದುರೆಗಳಿಗೂ ಮನಸ್ಸನ್ನು ಲಗಾಮಿಗೂ ಕಠೋಪನಿಷತ್ತು ಹೋಲಿಸಿದೆ. ಆ ರೂಪಕದಲ್ಲಿ ಲಗಾಮು ಕುದುರೆಯನ್ನು ಹಿಡಿದಿಡುತ್ತದೆ. ಸಹಜ ಅಶ್ವಶಿಕ್ಷಣದಲ್ಲಿ ಲಗಾಮು ಸವಾರನ ಒಳಗನ್ನು ಕುದುರೆಗೆ ತಿಳಿಸುತ್ತದೆ.

ಏಟು ತಿಂದ ಬಾಲಕ

ಬಕ್ ಬ್ರಾನಮನ್ ಎಂಬವರು 1962ರಲ್ಲಿ ಜನಿಸಿದರು. ಅವರೂ ಅವರ ಅಣ್ಣನೂ ಚಿಕ್ಕಂದಿನಲ್ಲಿಯೇ ಹಗ್ಗದ ಕುಣಿಕೆ ಬೀಸುವ ಕಸರತ್ತಿನಿಂದ ಹೆಸರಾಗಿದ್ದರು. ಪ್ರದರ್ಶನದಲ್ಲಿ ತಪ್ಪಿದರೆ ತಂದೆ ಮನಬಂದಂತೆ ಹೊಡೆಯುತ್ತಿದ್ದ. ತಾಯಿ ತೀರಿಕೊಂಡ ಮೇಲೆ ಆ ಹಿಂಸೆಗೆ ಮಿತಿಯಿಲ್ಲದಾಯಿತು. ಶಾಲೆಯ ಕ್ರೀಡಾಶಿಕ್ಷಕರೊಬ್ಬರು ಬಾಲಕನ ಬೆನ್ನಿನ ಬಾಸುಂಡೆಗಳನ್ನು ಕಂಡು ವಿಷಯವನ್ನು ಬೆಳಕಿಗೆ ತಂದ ಮೇಲೆ ಆ ಸೋದರರನ್ನು ಶರ್ಲಿ ದಂಪತಿಗಳ ಮನೆಗೆ ಸಾಕುಮಕ್ಕಳಾಗಿ ಕಳುಹಿಸಲಾಯಿತು.

ದೊಡ್ಡವರ ನೆರಳು ಕಂಡರೂ ಬೆದರುವ ಬಾಲಕನಿಗೆ ಸಾಕುತಂದೆ ಉಪದೇಶ ಮಾಡಲಿಲ್ಲ. ಒಂದು ಜೊತೆ ಚರ್ಮದ ಕೈಗವಸುಗಳನ್ನು ಕೊಟ್ಟು, ಬೇಲಿ ಸರಿಪಡಿಸುವ ಕೆಲಸಕ್ಕೆ ಜೊತೆಯಲ್ಲಿ ಕರೆದೊಯ್ದರು. ಆ ಉಡುಗೊರೆ ಎಲ್ಲಿ ಹಾಳಾದೀತೋ ಎಂದು ಬಾಲಕನು ಬರಿಗೈಯಿಂದಲೇ ಮುಳ್ಳುತಂತಿಯನ್ನು ಮುಟ್ಟಿ ಕೆಲಸ ಮಾಡಿದನಂತೆ. ಯಾವ ಮಾತಿಗೂ ಕರಗದ ಭಯವು ಜೊತೆಯಾಗಿ ಮಾಡಿದ ದುಡಿಮೆಯಲ್ಲಿ ಕರಗತೊಡಗಿತು. ಕಾಯಕವು ಬದುಕನ್ನು ಕಟ್ಟುವುದಷ್ಟೇ ಅಲ್ಲ, ಮುರಿದ ಜೀವವನ್ನೂ ಕಟ್ಟುತ್ತದೆ.

ಮುಂದೆ ರೇ ಹಂಟ್ ಅವರ ಶಿಷ್ಯರಾದ ಬ್ರಾನಮನ್, ಬೆದರಿದ ಕುದುರೆಗಳ ಮನಸ್ಸನ್ನು ಬಲ್ಲ ಶಿಕ್ಷಕರೆಂದು ಪ್ರಸಿದ್ಧರಾದರು. ಅವರನ್ನು ಕುರಿತು ‘ಬಕ್’ ಎಂಬ ಸಾಕ್ಷ್ಯಚಿತ್ರ 2011ರಲ್ಲಿ ತೆರೆಕಂಡಿತು. ಕುದುರೆಯ ಕಣ್ಣಿನಲ್ಲಿ ಕಾಣುವ ಭಯ ಅವರಿಗೆ ಅಪರಿಚಿತವಲ್ಲ. ಏಟು ತಿಂದವರು ಏಟು ಕೊಡುವವರಾಗುವುದು ಲೋಕದಲ್ಲಿ ಸಾಮಾನ್ಯ. ತನಗೆ ಬಿದ್ದ ಏಟಿನಿಂದ ಪರರ ನೋವನ್ನು ಅರಿಯುವುದು ಸಾಧಕರಿಗೆ ಮಾತ್ರ ಸಾಧ್ಯ.

ಎಚ್ಚರಿಕೆಯ ಮಾತು

ಸಹಜ ಎಂಬ ಹೆಸರಿಟ್ಟುಕೊಂಡ ಮಾತ್ರಕ್ಕೆ ಎಲ್ಲವೂ ದಯೆಯಾಗುವುದಿಲ್ಲ. ಕುದುರೆಯನ್ನು ದುಂಡನೆಯ ಆವರಣದಲ್ಲಿ ಬಿಟ್ಟು, ಅದು ದಣಿದು ತನ್ನ ಕಡೆಗೆ ತಿರುಗುವವರೆಗೆ ಓಡಿಸುವ ಪದ್ಧತಿಯೂ ಈ ಹೆಸರಿನಲ್ಲಿ ಪ್ರಚಾರದಲ್ಲಿದೆ. ಆಗ ಕುದುರೆ ತಲೆ ತಗ್ಗಿಸಿ, ಬಾಯಿ ಚಪ್ಪರಿಸುವುದನ್ನು ಒಪ್ಪಿಗೆಯ ಗುರುತೆಂದು ಹೇಳಲಾಗುತ್ತದೆ. ಆದರೆ ಅದು ಭಯದ ಒತ್ತಡ ಇಳಿಯುವಾಗಿನ ದೇಹಲಕ್ಷಣವೂ ಆಗಿರಬಹುದೆಂದು ಅಶ್ವವರ್ತನೆಯ ಅಧ್ಯಯನಕಾರರು ಎಚ್ಚರಿಸಿದ್ದಾರೆ. ಓಡಲು ದಾರಿಯಿಲ್ಲದೆ ಬಂದು ನಿಂತುದಕ್ಕೂ ತಾನಾಗಿ ಬಂದು ನಿಂತುದಕ್ಕೂ ಹೊರನೋಟದಲ್ಲಿ ವ್ಯತ್ಯಾಸ ಕಾಣದಿರಬಹುದು. ಏನು ಮಾಡಿದರೂ ಬಿಡುಗಡೆಯಿಲ್ಲವೆಂದು ಅರಿತ ಪ್ರಾಣಿ ಒಂದು ಹಂತದಲ್ಲಿ ಪ್ರತಿಭಟನೆಯನ್ನೇ ಬಿಟ್ಟುಬಿಡುತ್ತದೆ. ಕಣ್ಣು ಮಂಕಾಗುತ್ತದೆ, ಕಿವಿ ಆಡುವುದಿಲ್ಲ, ಹೇಳಿದಂತೆ ನಡೆಯುತ್ತದೆ. ನೋಡಿದವರು ಎಷ್ಟು ಸಾಧುವಾದ ಕುದುರೆ ಎನ್ನುತ್ತಾರೆ. ರಕ್ತ ಹರಿಯದೆ ನಡೆದ ಕೊಲೆ ಇದೇ.

ಹಾಗೆಂದು ದಯೆಯೆಂದರೆ ಎಲ್ಲವನ್ನೂ ಸಡಿಲ ಬಿಡುವುದೂ ಅಲ್ಲ. ‘ಬಕ್’ ಚಿತ್ರದಲ್ಲಿ ಒಂದು ಗಂಡುಕುದುರೆಯ ದುರಂತವಿದೆ. ಹುಟ್ಟುವಾಗಲೇ ಪೆಟ್ಟಾಗಿ, ಮನುಷ್ಯರ ಮುದ್ದಿನಲ್ಲಿ ಎಲ್ಲೆಯ ಅರಿವಿಲ್ಲದೆ ಬೆಳೆದ ಆ ಕುದುರೆ ಕಡೆಗೆ ಮನುಷ್ಯರ ಮೇಲೆಯೇ ಎರಗುವಂತಾಯಿತು. ಅದನ್ನು ಉಳಿಸಿಕೊಳ್ಳಲಾಗಲಿಲ್ಲ. ತಪ್ಪು ಕುದುರೆಯದಲ್ಲ, ಅದನ್ನು ಸಾಕಿದ ಮನುಷ್ಯರದು ಎಂಬುದೇ ಬ್ರಾನಮನ್ ಅವರ ವ್ಯಥೆ. ಎಲ್ಲೆಯಿಲ್ಲದ ಪ್ರೀತಿಯೂ ಪ್ರಾಣಿಯನ್ನು ಕೆಡಿಸಬಲ್ಲದು. ಹಗ್ಗ ಇರಲೇಬೇಕು, ಅದನ್ನು ಬಿಗಿಹಿಡಿಯುವ ಹೊತ್ತೂ ಸಡಿಲಿಸುವ ಹೊತ್ತೂ ಹಿಡಿದವನಿಗೆ ತಿಳಿದಿರಬೇಕು.

ಭಯವೂ ಭಕ್ತಿಯೂ

ಕನ್ನಡದಲ್ಲಿ ‘ಭಯಭಕ್ತಿ’ ಎಂಬ ಜೋಡುನುಡಿ ಬಳಕೆಯಲ್ಲಿದೆ. ಹಿರಿಯರ ಎದುರು, ದೇವರ ಎದುರು ಭಯಭಕ್ತಿಯಿಂದ ಇರಬೇಕೆಂದು ಮನೆಮನೆಯಲ್ಲಿ ಹೇಳುತ್ತಾರೆ. ಆ ಮಾತಿನಲ್ಲಿ ಗೌರವದ ಭಾವವಿರುವುದು ನಿಜ. ಆದರೆ ಜೊತೆಯಾಗಿ ನಡೆದು ನಡೆದು ಆ ಎರಡು ಪದಗಳು ಒಂದೇ ಎಂಬ ಭ್ರಮೆ ಹುಟ್ಟಿದೆ. ಬೆತ್ತ ಕಂಡು ಮೌನವಾದ ಮಗುವನ್ನು ವಿನಯವಂತನೆನ್ನುವುದು, ಶಾಪಕ್ಕೆ ಹೆದರಿ ಕೈಮುಗಿದವನನ್ನು ಭಕ್ತನೆನ್ನುವುದು ಈ ಭ್ರಮೆಯ ಫಲ. ಹೊರನೋಟಕ್ಕೆ ಆ ಮಗುವೂ ತಲೆ ತಗ್ಗಿಸಿದೆ, ದಣಿದ ಕುದುರೆಯೂ ತಲೆ ತಗ್ಗಿಸಿದೆ. ಒಳಗೆ ನಡೆದುದೇನೆಂದು ಕೇಳುವವರು ವಿರಳ.

ಷಟ್‌ಸ್ಥಲದ ಆಚಾರ್ಯರು ಭಕ್ತಿಯ ಆರು ಬಗೆಗಳನ್ನು ಶ್ರದ್ಧೆ, ನಿಷ್ಠೆ, ಅವಧಾನ, ಅನುಭಾವ, ಆನಂದ, ಸಮರಸ ಎಂಬ ಕ್ರಮದಲ್ಲಿ ಹೇಳಿದ್ದಾರೆ. ಆ ಆರರಲ್ಲಿ ಭಯಭಕ್ತಿ ಎಂಬುದಿಲ್ಲ. ಶ್ರದ್ಧೆಯಿಂದ ಮೊದಲಿಟ್ಟು ಸಮರಸದಲ್ಲಿ ನಿಲ್ಲುವ ಆ ದಾರಿಯ ಮೂರನೆಯ ಮೆಟ್ಟಿಲು ಅವಧಾನ, ಅಂದರೆ ಎಚ್ಚರದ ಗಮನ. ಕುದುರೆಯ ಕಿವಿಯ ಅಲುಗಾಟವನ್ನು ಗಮನಿಸಿ ಕಾಲನ್ನು ತಡೆಯುವವನಲ್ಲಿರುವುದು ಅದೇ ಅವಧಾನದ ಲೌಕಿಕ ರೂಪ. ಪಂಚಾಚಾರಗಳಲ್ಲಿ ಒಂದಾದ ಭೃತ್ಯಾಚಾರವೂ ಇಲ್ಲಿ ನೆನಪಾಗುತ್ತದೆ. ಬಲವುಳ್ಳವನು ಸೇವಕನ ವಿನಯವನ್ನು ತಾಳಿದಾಗಲೇ ದುರ್ಬಲನ ಭಯ ಕರಗುತ್ತದೆ. ದುರ್ಬಲನಿಗೆ ಧೈರ್ಯ ತಂದುಕೋ ಎಂದು ಹೇಳುವುದರಿಂದ ಅದು ಕರಗುವುದಿಲ್ಲ.

ಈ ಮಾತು ಕುದುರೆಯನ್ನು ಕಂಡರಿಯದ ಮನೆಗಳಿಗೂ ಸಲ್ಲುತ್ತದೆ. ಎತ್ತಿನ ಮೂಗುದಾರ ಹಿಡಿದ ರೈತನ ಕೈಗೆ, ಮಗ್ಗಿ ತಪ್ಪಿದ ಮಗುವಿನ ಎದುರು ನಿಂತ ತಂದೆ-ತಾಯಿಗಳ ಕೈಗೆ, ಹೊಸದಾಗಿ ಮನೆಗೆ ಬಂದ ಸೊಸೆಯನ್ನು ಗಮನಿಸುವ ಅತ್ತೆಯ ಕಣ್ಣಿಗೆ, ಪಾಠ ಹೇಳುವ ಗುರುವಿನ ದನಿಗೆ ಇದು ಸಲ್ಲುತ್ತದೆ. ಪ್ರತಿಯೊಬ್ಬರ ಕೈಯಲ್ಲಿಯೂ ಒಂದಲ್ಲ ಒಂದು ಹಗ್ಗವಿದೆ, ಅದರ ಆ ತುದಿಯಲ್ಲಿ ಒಂದು ಜೀವವಿದೆ. ಆ ಜೀವವು ಹೇಳಿದಂತೆ ಕೇಳುತ್ತಿದೆಯೇ ಎಂಬ ಪ್ರಶ್ನೆಯನ್ನು ಎಲ್ಲರೂ ಕೇಳಿಕೊಳ್ಳುತ್ತಾರೆ. ಹಗ್ಗವನ್ನು ಪೂರ್ತಿ ಸಡಿಲಬಿಟ್ಟರೂ ಅದು ಬಳಿಯಲ್ಲಿ ನಿಂತೀತೇ ಎಂಬುದು ಬಸವಣ್ಣನವರು ‘ಒಲಿಸು’ ಎಂಬ ಪದದಿಂದ ಕೇಳಿದ ಪ್ರಶ್ನೆ. ಅದಕ್ಕೆ ಉತ್ತರ ದೊರೆಯುವುದು ಸಪ್ತಶೀಲವನ್ನು ಬಾಯಿಪಾಠದಿಂದ ಕೈಗೆ ಇಳಿಸಿಕೊಂಡಾಗ.

ಸಕಲ ಪ್ರಾಣಿಗಳಲ್ಲಿಯೂ ದಯೆಯನ್ನಿರಿಸುವ ಬಲವನ್ನು ಗುರು ಬಸವಣ್ಣನವರು ಎಲ್ಲರಿಗೂ ಕರುಣಿಸಲಿ.